ಗಿನಿಪಿಗ್‌ನ ಪೆಲೆಟ್: ಆರಿಸುವುದು, ತೂಗಿ ಹಾಕುವುದು, ಮಳೆಗಾಲದಲ್ಲಿ ಕಾಪಾಡುವುದು

ಬೆಳೆದ ಒಂದು ಗಿನಿಪಿಗ್‌ಗೆ ದಿನಕ್ಕೆ 15ರಿಂದ 20 ಗ್ರಾಂ ಪೆಲೆಟ್ (ಹುಲ್ಲಿನ ಪುಡಿ ಮುಂತಾದವನ್ನು ಒತ್ತಿ ಮಾಡಿದ ಕಾಳಿನಂಥ ಆಹಾರ) ಸಾಕು. ಚಮಚದ ಲೆಕ್ಕದಲ್ಲಿ, ಗೋಪುರ ಮಾಡದೆ ಮಟ್ಟಸವಾಗಿ ತುಂಬಿದ ಎರಡು ದೊಡ್ಡ ಚಮಚ. ಬಟ್ಟಲಿಗೆ ಹಾಕಿದರೆ ತಳವೂ ಸರಿಯಾಗಿ ಮುಚ್ಚುವುದಿಲ್ಲ. "ಇಷ್ಟ ಹಾಕಿದ್ರ ಅದರ ಹೊಟ್ಟಿ ತುಂಬತೈತೇನ?" ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ತುಂಬುವುದಿಲ್ಲ, ತುಂಬಲೂಬಾರದು. ಹೊಟ್ಟೆ ತುಂಬಿಸುವ ಕೆಲಸ ಒಣಹುಲ್ಲಿನದು. ಅದು ಹಗಲೂ ರಾತ್ರಿ ಪಂಜರದಲ್ಲಿ ಇರಲೇಬೇಕು, ಅದಕ್ಕೆ ಅಳತೆಯಿಲ್ಲ. ಹುಲ್ಲು ರೊಟ್ಟಿ ಎಂದುಕೊಂಡರೆ ಪೆಲೆಟ್ ಶೇಂಗಾ ಚಟ್ನಿ. ಚಟ್ನಿಯನ್ನೇ ಬಟ್ಟಲುಗಟ್ಟಲೆ ತಿಂದು ರೊಟ್ಟಿಯನ್ನು ಬದಿಗೆ ಸರಿಸುವ ಮಗುವಿಗೆ ಏನಾಗುತ್ತದೋ ಗಿನಿಪಿಗ್‌ಗೂ ಅದೇ ಆಗುತ್ತದೆ. ಇಲ್ಲಿ ಪೆಟ್ಟು ಮೊದಲು ಬೀಳುವುದು ಹಲ್ಲಿಗೆ.

ಗಿನಿಪಿಗ್‌ಗೆ 20 ಹಲ್ಲು. ಇಪ್ಪತ್ತೂ ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ. ಉದ್ದನೆಯ ಹುಲ್ಲಿನ ಎಸಳು ಬಾಯಿಗೆ ಹೋದಾಗ ದವಡೆ ಬೀಸುಕಲ್ಲಿನಂತೆ ಆಡುತ್ತದೆ, ಹಲ್ಲಿಗೆ ಹಲ್ಲು ತೇಯುತ್ತದೆ. ಪೆಲೆಟ್ ಹಾಗಲ್ಲ, ಎರಡು ಸಲ ಒತ್ತಿದರೆ ಪುಡಿ. ಹೊಟ್ಟೆ ಬೇಗ ತುಂಬುತ್ತದೆ, ತೇಯುವ ಕೆಲಸ ಬಾಕಿ ಉಳಿಯುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಕೆಳದವಡೆಯ ಹಲ್ಲುಗಳು ಒಳಮುಖವಾಗಿ ಬೆಳೆದು ನಾಲಿಗೆಯ ಮೇಲೆ ಕಮಾನು ಕಟ್ಟುತ್ತವೆ. ಆಗ ಕಾಣುವ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ: ಪ್ರಾಣಿ ಬಟ್ಟಲಿಗೆ ಓಡಿ ಬರುತ್ತದೆ, ಒಂದು ಪೆಲೆಟ್ ಎತ್ತಿಕೊಳ್ಳುತ್ತದೆ, ಬಾಯಲ್ಲಿ ಅತ್ತಿಂದಿತ್ತ ಆಡಿಸಿ ಕೆಳಗೆ ಬೀಳಿಸುತ್ತದೆ, ಮತ್ತೆ ಅದನ್ನೇ ಎತ್ತುತ್ತದೆ. ಗದ್ದದ ಕೂದಲು ಜೊಲ್ಲಿನಿಂದ ಒದ್ದೆ. ಹಸಿವಿದೆ, ನುಂಗಲಾಗುತ್ತಿಲ್ಲ. ಇಷ್ಟರ ಹೊತ್ತಿಗೆ ಮನೆಮದ್ದಿನ ಕಾಲ ಮುಗಿದಿರುತ್ತದೆ. ವೈದ್ಯರು ಅರಿವಳಿಕೆ ಕೊಟ್ಟು ಹಲ್ಲು ಸವರಬೇಕು.

ಚೀಲದ ಹಿಂಭಾಗ

ಚೀಲದ ಮುಂಭಾಗದ ಚಿತ್ರ, ಬಣ್ಣ, ಹೆಸರು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ತಿರುಗಿಸಿ. ಮೊದಲು ನೋಡಬೇಕಾದದ್ದು ತಯಾರಿಕೆಯ ದಿನಾಂಕ, ಆಮೇಲೆ ಪದಾರ್ಥಗಳ ಪಟ್ಟಿ, ಕೊನೆಗೆ ಶೇಕಡಾ ಲೆಕ್ಕ.

ದಿನಾಂಕ ಮೊದಲೇಕೆ ಎಂದರೆ ಸಿ ಜೀವಸತ್ವದ ಕಾರಣಕ್ಕೆ. ಮೊಲ, ಇಲಿ, ಹ್ಯಾಮ್‌ಸ್ಟರ್‌ಗಳ ಮೈ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಗಿನಿಪಿಗ್‌ಗೆ, ನಮಗಿರುವಂತೆಯೇ, ಆ ಶಕ್ತಿ ಇಲ್ಲ. ದಿನವೂ ಹೊರಗಿನಿಂದಲೇ ಸಿಗಬೇಕು. ಪೆಲೆಟ್‌ಗೆ ಬೆರೆಸಿದ ಸಿ ಜೀವಸತ್ವ ಗಾಳಿ, ಬೆಳಕು, ಬಿಸಿ, ತೇವ ಈ ನಾಲ್ಕಕ್ಕೂ ಹೆದರುತ್ತದೆ. ಸಾಮಾನ್ಯ ಪೆಲೆಟ್ ತಯಾರಾಗಿ 90 ದಿನ ದಾಟಿದ ಮೇಲೆ ಅದರಲ್ಲಿರುವ ಸಿ ಜೀವಸತ್ವವನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಕ್ಷೇಮ. ಪಟ್ಟಿಯಲ್ಲಿ 'ಎಲ್-ಆಸ್ಕಾರ್ಬಿಲ್-2-ಪಾಲಿಫಾಸ್ಫೇಟ್' ಅಥವಾ 'ಮಾನೋಫಾಸ್ಫೇಟ್' ಎಂದಿದ್ದರೆ ಅದು ಹೆಚ್ಚು ಕಾಲ ನಿಲ್ಲುವ ರೂಪ. ಬರೀ 'ಆಸ್ಕಾರ್ಬಿಕ್ ಆಸಿಡ್' ಎಂದಿದ್ದರೆ ಬೇಗ ಕೆಡುವ ರೂಪ. ಹೊರದೇಶದಿಂದ ಬಂದ ಚೀಲದ ಮೇಲೆ ಆಮದುದಾರರ ಚೀಟಿ ಅಂಟಿಸಿರುತ್ತಾರೆ. ಅದರ ಅಡಿಯಲ್ಲಿ ಮೂಲ ದಿನಾಂಕ ಅಡಗಿರಬಹುದು, ಎರಡನ್ನೂ ಓದಿ. ಆನ್‌ಲೈನಿನಲ್ಲಿ ತರಿಸುವವರು ದಿನಾಂಕದ ಫೋಟೋ ಕಳಿಸಲು ಮೊದಲೇ ಕೇಳುವುದು ಒಳ್ಳೆಯದು.

ಹುಬ್ಬಳ್ಳಿಯಲ್ಲಾಗಲಿ ಗದಗಿನಲ್ಲಾಗಲಿ ಪೆಟ್ ಅಂಗಡಿಗಳಲ್ಲಿ ದೊಡ್ಡ ಚೀಲ ಬಿಚ್ಚಿ ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಅರ್ಧ ಕಿಲೋ, ಒಂದು ಕಿಲೋ ಎಂದು ಕಟ್ಟಿಟ್ಟಿದ್ದರೆ ಅದು ಅಗ್ಗ, ನಿಜ. ಆದರೆ ಅದಕ್ಕೆ ದಿನಾಂಕವಿಲ್ಲ, ಪದಾರ್ಥಗಳ ಪಟ್ಟಿಯಿಲ್ಲ, ಬಾಗಿಲ ಬಳಿ ತೂಗುಹಾಕಿದ್ದರೆ ಬೆಳಕೂ ಬಡಿದಿರುತ್ತದೆ. ಮೊಲದ್ದೋ ಗಿನಿಪಿಗ್‌ನದ್ದೋ ಎಂಬುದೂ ಬಾಯಿಮಾತಿನ ಮೇಲೆ. ಬಿಡಿ ಪೆಲೆಟ್ ಬೇಡ.

ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. ಆರು ತಿಂಗಳು ದಾಟಿದ ಗಿನಿಪಿಗ್‌ಗೆ ಮೊದಲ ಹೆಸರು ತಿಮೋತಿ ಹುಲ್ಲು ಅಥವಾ ಬೇರೊಂದು ಹುಲ್ಲಿನದಾಗಿರಲಿ. ಗೋವಿನಜೋಳ, ಗೋಧಿ, ಕಾಕಂಬಿ ಮೊದಲ ಸಾಲಿನಲ್ಲೇ ಇದ್ದರೆ ಆ ಚೀಲ ಕೆಳಗಿಡಿ. ಸೂರ್ಯಕಾಂತಿ ಬೀಜ, ಒಣಹಣ್ಣಿನ ಚೂರು, ಕೆಂಪು ಹಳದಿ ತುಣುಕು ಸೇರಿಸಿದ ಮಿಶ್ರಣವಂತೂ ಬೇಡವೇ ಬೇಡ. ಗಿನಿಪಿಗ್ ಅದರಲ್ಲಿ ರುಚಿಯಾದದ್ದನ್ನಷ್ಟೇ ಹೆಕ್ಕಿ ತಿಂದು ಮಿಕ್ಕದ್ದನ್ನು ಬಿಡುತ್ತದೆ. ಎಲ್ಲ ಕಾಳೂ ಒಂದೇ ಬಣ್ಣ, ಒಂದೇ ಆಕಾರ, ನೋಡಲು ಬೇಸರ ಬರುವಂತಿರುವ ಪೆಲೆಟ್ ಒಳ್ಳೆಯ ಪೆಲೆಟ್.

ಶೇಕಡಾ ಲೆಕ್ಕದಲ್ಲಿ ನಾರಿನಂಶ 18ಕ್ಕಿಂತ ಕಡಿಮೆ ಇರಬಾರದು, 22–25 ಇದ್ದರೆ ಇನ್ನೂ ಮೇಲು. ಪ್ರೊಟೀನ್ 14ರಿಂದ 16, ಕೊಬ್ಬು 2ರಿಂದ 4. ಕ್ಯಾಲ್ಸಿಯಂ 0.4ರಿಂದ 0.8ರ ಒಳಗೆ, ಅದೂ ರಂಜಕದ (ಫಾಸ್ಫರಸ್) ಒಂದೂವರೆಯಿಂದ ಎರಡು ಪಟ್ಟು. ಕ್ಯಾಲ್ಸಿಯಂ ವಿಷಯದಲ್ಲಿ ಇಷ್ಟು ಜಿಪುಣತನ ಏಕೆಂದರೆ, ಗಿನಿಪಿಗ್ ಬೇಡದ ಕ್ಯಾಲ್ಸಿಯಂ ಅನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಹೆಚ್ಚಾದದ್ದು ಮೂತ್ರಕೋಶದಲ್ಲಿ ಕೆಸರಾಗಿ, ಕಲ್ಲಾಗಿ ಕೂರುತ್ತದೆ.

ಚೀಲದ ಮೇಲೆ ಅಲ್ಫಾಲ್ಫಾ ಎಂದಿದ್ದರೆ ಅದು ನಮ್ಮ ಕಡೆ ಆಕಳಿಗೆ ಬೆಳೆಯುವ ಕುದುರೆ ಮಸಾಲೆ, ಅಂದರೆ ಲೂಸರ್ನ್. ಪ್ರೊಟೀನ್ ಹೆಚ್ಚು, ಕ್ಯಾಲ್ಸಿಯಂ ತಿಮೋತಿಯ ಎರಡು ಮೂರು ಪಟ್ಟು. ಬೆಳೆಯುವ ಮರಿಗೆ, ಬಸುರಿಗೆ, ಹಾಲೂಡಿಸುವ ತಾಯಿಗೆ ಇದು ಸರಿ. ಬೆಳೆದ ಗಂಡಿಗೆ ವರ್ಷಗಟ್ಟಲೆ ಹಾಕಿದರೆ ಕಲ್ಲಿಗೆ ದಾರಿ ಮಾಡಿಕೊಟ್ಟಂತೆ.

ಮೊಲದ್ದು, ಕೋಳಿಯದು, ಹಿಂಡಿ

ಹಾವೇರಿ, ರಾಣೇಬೆನ್ನೂರು ಕಡೆ ಗಿನಿಪಿಗ್ ಪೆಲೆಟ್ ಸಿಗದೆ ಮೊಲದ ಪೆಲೆಟ್ ಕೊಂಡುಬರುವುದುಂಟು. ನೋಡಲು ಎರಡೂ ಒಂದೇ. ಮೊಲದ್ದರಲ್ಲಿ ಸಾಮಾನ್ಯವಾಗಿ ಸಿ ಜೀವಸತ್ವ ಬೆರೆಸಿರುವುದಿಲ್ಲ, ಅದು ಮೊದಲ ಕೊರತೆ. ಸಾಕಣೆ ಕೇಂದ್ರಗಳಿಗೆಂದು ಮಾಡಿದ ಮೊಲದ ಆಹಾರದಲ್ಲಿ ರೋಗ ತಡೆಯುವ ಔಷಧ ಸೇರಿರಬಹುದು, ಅದು ಎರಡನೆಯದು ಮತ್ತು ದೊಡ್ಡದು. ಕೋಳಿ ಆಹಾರದ್ದೂ ಇದೇ ಕಥೆ. ಕೆಲವು ಔಷಧಗಳು ಕೋಳಿಗೆ ಒಗ್ಗಿದರೂ ಗಿನಿಪಿಗ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ಜೊತೆಗೆ ಪ್ರಾಣಿಯನ್ನೂ ಕೊಲ್ಲುತ್ತವೆ.

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಸುತ್ತ ಸಿಗುವ ಪಶು ಆಹಾರ, ಹಿಂಡಿ? ಆಕಳು ಮೆಲುಕು ಹಾಕುವ ಪ್ರಾಣಿ; ಕೆಲವು ಪಶು ಆಹಾರಗಳಲ್ಲಿ ಬೆರೆಸುವ ಯೂರಿಯಾವನ್ನು ಅದು ಪ್ರೊಟೀನ್ ಮಾಡಿಕೊಳ್ಳುತ್ತದೆ, ಗಿನಿಪಿಗ್‌ಗೆ ಅದು ಆಗದು. ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷವಸ್ತು, ಹಳೆಯ ಶೇಂಗಾ ಹಿಂಡಿಯಲ್ಲಿ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್. ಎರಡನ್ನೂ ದೂರವಿಡಿ. ಮಕ್ಕಳು ಪಂಜರದ ಸಂದಿಯಿಂದ ತೂರಿಸುವ ಚುರುಮುರಿ, ಪುಟಾಣಿ, ರೊಟ್ಟಿ ಚೂರಿಗೂ ಇದೇ ಮಾತು: ವಿಷವಲ್ಲ, ಆದರೆ ಪಿಷ್ಟವೇ ಎಲ್ಲ. ಗಿನಿಪಿಗ್‌ನ ಕರುಳಿನಲ್ಲಿ ಅದು ಹುದುಗಿ ಗ್ಯಾಸ್ ಕಟ್ಟುತ್ತದೆ.

ಪೆಲೆಟ್ ತೀರಿಹೋಗಿ, ಕೊರಿಯರ್ ಬರುವುದು ತಡವಾದರೆ ಗಾಬರಿ ಬೀಳುವ ಅಗತ್ಯವೇ ಇಲ್ಲ. ಒಳ್ಳೆಯ ಒಣಹುಲ್ಲು, ದಿನದ ತಪ್ಪಲು (ಸೊಪ್ಪು), ಸಿ ಜೀವಸತ್ವ ಸಿಗುತ್ತಿದ್ದರೆ ಬೆಳೆದ ಗಿನಿಪಿಗ್ ಪೆಲೆಟ್ ಇಲ್ಲದೆ ವಾರಗಟ್ಟಲೆ ಚೆನ್ನಾಗಿಯೇ ಇರುತ್ತದೆ. ಸಿಕ್ಕಿದ್ದನ್ನು ತಂದು ಬಟ್ಟಲು ತುಂಬುವುದಕ್ಕಿಂತ ಬಟ್ಟಲು ಖಾಲಿ ಇರುವುದೇ ವಾಸಿ.

ಹುಲ್ಲಿನ ಬಗ್ಗೆಯೂ ಒಂದೆರಡು ಮಾತು ಇಲ್ಲಿಯೇ. ತಿಮೋತಿ ತಂಪು ದೇಶದ ಹುಲ್ಲು, ನಮ್ಮಲ್ಲಿ ಬೆಳೆಯುವುದಿಲ್ಲ, ಹಾಗಾಗಿ ದುಬಾರಿ. ಒಣಗಿಸಿದ ಗರಿಕೆ, ಹೈನುಗಾರರು ಬೆಳೆಯುವ ಗಿನಿ ಹುಲ್ಲು ಅದರ ಜೊತೆ ಬೆರೆಸಲು ಆಗುತ್ತವೆ. (ಗಿನಿ ಹುಲ್ಲಿಗೂ ಗಿನಿಪಿಗ್‌ಗೂ ನಂಟಿಲ್ಲ, ಹುಲ್ಲು ಆಫ್ರಿಕಾದ್ದು, ಪ್ರಾಣಿ ದಕ್ಷಿಣ ಅಮೆರಿಕದ್ದು.) ಮೇವಿನ ಹುಲ್ಲುಗಳ ತಳಿ, ಕೊಯ್ಲಿನ ಹದ ತಿಳಿಯಬೇಕೆಂದರೆ ಧಾರವಾಡದಲ್ಲೇ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಭತ್ತದ ಹುಲ್ಲು ಹಾಸಿಗೆಗೆ ಸರಿ, ಊಟಕ್ಕೆ ಸತ್ವ ಸಾಲದು. ಎಳೆಯ ಹಸಿ ಜೋಳದ ಮೇವು ಮಾತ್ರ ಖಂಡಿತ ಬೇಡ. ಅದರಲ್ಲಿ ಸಯನೈಡ್ ಅಂಶವಿರುತ್ತದೆ, ದನಗಳೇ ಸಾಯುತ್ತವೆ. ಹತ್ತಿ ಹೊಲದ ಬದುವಿನ ಹುಲ್ಲನ್ನೂ ಕೊಯ್ಯಬೇಡಿ, ಔಷಧ ಸಿಂಪಡಿಸಿರುತ್ತಾರೆ.

ತೂಗಿ ಹಾಕುವುದು

ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಗ್ರಾಂ ತೋರಿಸುವಂಥದ್ದು, ಒಂದಿದ್ದರೆ ಪೆಲೆಟ್ ತೂಗುವುದಕ್ಕೂ ಪ್ರಾಣಿ ತೂಗುವುದಕ್ಕೂ ಆಯಿತು. ಮೊದಲ ದಿನ 20 ಗ್ರಾಂ ತೂಗಿ ಮನೆಯ ಯಾವುದಾದರೂ ಚಿಕ್ಕ ಲೋಟಕ್ಕೆ ಸುರಿದು, ಎಲ್ಲಿಗೆ ಬಂತೋ ಅಲ್ಲಿ ಗೆರೆ ಎಳೆದುಕೊಂಡರೆ ನಿತ್ಯ ತೂಗುವ ಗೋಜಿಲ್ಲ. ಪೆಲೆಟ್ ಬದಲಾದರೆ ಗೆರೆಯನ್ನೂ ಬದಲಿಸಿ, ಕಾಳಿನ ಗಾತ್ರ ಬೇರೆಯಾದರೆ ಅಳತೆಯೂ ಬೇರೆ.

ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಬಟ್ಟಲು ಪಿಂಗಾಣಿಯದೋ ಕಲ್ಲಿನದೋ ಆಗಿ ಭಾರವಾಗಿರಲಿ. ಪ್ಲಾಸ್ಟಿಕ್ಕಿನದಾದರೆ ಮುಂಗಾಲಿಟ್ಟು ಮಗುಚುತ್ತವೆ. ನೀರಿನ ಬಾಟಲಿ ತೊಟ್ಟಿಕ್ಕುವ ಜಾಗದಿಂದ ದೂರವಿಡಿ. ಎರಡು ಗಿನಿಪಿಗ್ ಇದ್ದರೆ ಎರಡು ಬಟ್ಟಲು, ಎರಡು ಮೂಲೆಯಲ್ಲಿ. ಒಂದೇ ಬಟ್ಟಲಿಟ್ಟರೆ ಜೋರಿನದು 30 ಗ್ರಾಂ ತಿಂದು ದಪ್ಪವಾಗುತ್ತದೆ, ಸಾಧು ಪ್ರಾಣಿಗೆ ಹತ್ತೂ ದಕ್ಕುವುದಿಲ್ಲ, ಮನೆಯವರಿಗೆ ಬಟ್ಟಲು ಖಾಲಿಯಾದದ್ದಷ್ಟೇ ಕಾಣುತ್ತದೆ. ಹೊಸ ಪೆಲೆಟ್ ಹಾಕುವ ಮೊದಲು ಹಳೆಯದನ್ನು ಸುರಿದು, ಹಿಕ್ಕೆ ಬಿದ್ದಿದ್ದರೆ ತೊಳೆದು, ಒರೆಸಿ ಒಣಗಿಸಿ. ತಳದ ಪುಡಿಯ ಮೇಲೆ ಪುಡಿ ಕೂಡುತ್ತ ಹೋದರೆ ಬೂಷ್ಟು ಹುಟ್ಟುವುದು ಅಲ್ಲೇ.

ಆರು ತಿಂಗಳೊಳಗಿನ ಮರಿಗೆ ಈ ಅಳತೆ ಅನ್ವಯಿಸುವುದಿಲ್ಲ. ಅಲ್ಫಾಲ್ಫಾ ಪೆಲೆಟ್ ಬೇಕಾದಷ್ಟು ತಿನ್ನಲಿ. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯ ಬಟ್ಟಲಿಗೆ ಬಾಯಿ ಹಾಕಲು ಶುರುಮಾಡುತ್ತವೆ. ಐದನೆಯ ತಿಂಗಳಿನಿಂದ ನಿಧಾನವಾಗಿ ತಿಮೋತಿ ಪೆಲೆಟ್‌ಗೂ 20 ಗ್ರಾಂಗೂ ತನ್ನಿ. ಬಸುರಿಗೆ ಮಾತ್ರ ಯಾವ ಕಾರಣಕ್ಕೂ ಏಕಾಏಕಿ ಆಹಾರ ಕಡಿಮೆ ಮಾಡಬೇಡಿ. ಗರ್ಭ 59ರಿಂದ 72 ದಿನ. ಕೊನೆಯ ದಿನಗಳಲ್ಲಿ ಊಟ ತಪ್ಪಿದರೆ ಮೈಯ ಕೊಬ್ಬು ಕರಗಿ ನಂಜೇರಿ ತಾಯಿ ಸಾಯಬಹುದು. ದಪ್ಪನೆಯ ಬಸುರಿಗೆ ಈ ಅಪಾಯ ಇನ್ನೂ ಹೆಚ್ಚು.

ಸಿ ಜೀವಸತ್ವಕ್ಕೆ ಪೆಲೆಟ್ ಸಾಕೇ? ಲೆಕ್ಕ ಹಾಕಿ ನೋಡಿ. ಒಂದು ಕಿಲೋ ತೂಕದ ಪ್ರಾಣಿಗೆ ದಿನಕ್ಕೆ ಕನಿಷ್ಠ 10 ಮಿಲಿಗ್ರಾಂ, ಬಸುರಿಗೆ, ಕಾಯಿಲೆಯದಕ್ಕೆ 30. ಚೀಲದ ಮೇಲೆ ಕಿಲೋಗೆ 500 ಮಿಲಿಗ್ರಾಂ ಎಂದು ಬರೆದಿದ್ದರೆ 20 ಗ್ರಾಂ ಪೆಲೆಟ್‌ನಲ್ಲಿ 10 ಮಿಲಿಗ್ರಾಂ, ಅದೂ ಯಂತ್ರದಿಂದ ಹೊರಬಿದ್ದ ದಿನ. ತಿಂಗಳುಗಳು ಕಳೆದ ಮೇಲೆ ಅರ್ಧ ಉಳಿದಿದ್ದರೂ ಅದೃಷ್ಟ. ಆದ್ದರಿಂದ ದಿನಕ್ಕೆ 20 ಗ್ರಾಂನಷ್ಟು ದೊಣ್ಣೆ ಮೆಣಸಿನಕಾಯಿ ಕೊಡಿ. ಹಸಿರಿನದರಲ್ಲಿ ಸುಮಾರು 16 ಮಿಲಿಗ್ರಾಂ ಸಿಗುತ್ತದೆ, ಕೆಂಪಿನದರಲ್ಲಿ ಇನ್ನೂ ಹೆಚ್ಚು. (ಕೆಂಪು ಎಂದರೆ ಬ್ಯಾಡಗಿ ಅಲ್ಲ, ಕೆಂಪಾಗಿ ಹಣ್ಣಾದ ದೊಣ್ಣೆ ಮೆಣಸಿನಕಾಯಿ.) ಧಾರವಾಡದ ಬಳಿಯ ನವಲೂರಿನ ಪೇರಲ ಹಣ್ಣು ಇದಕ್ಕಿಂತಲೂ ಸಮೃದ್ಧ, ಆದರೆ ಸಿಹಿ, ಬೀಜ ತೆಗೆದು ಹೆಬ್ಬೆರಳ ತುದಿಯಷ್ಟು, ವಾರಕ್ಕೆ ಎರಡು ಸಲ, ಅಷ್ಟೇ. ಕೋತಂಬರಿ ಆಗಬಹುದು. ಪಾಲಕ, ರಾಜಗಿರಿಯಲ್ಲಿ ಕಲ್ಲಿಗೆ ದಾರಿ ಮಾಡುವ ಆಕ್ಸಲೇಟ್ ಹೆಚ್ಚು, ನಿತ್ಯ ಬೇಡ. ನೀರಿಗೆ ಹಾಕುವ ಸಿ ಜೀವಸತ್ವದ ಹನಿಗಳಿಂದ ಪ್ರಯೋಜನ ಕಡಿಮೆ: ಬೆಳಕಿಗೆ ಬೇಗ ಕೆಡುತ್ತದೆ, ರುಚಿ ಬದಲಾಗಿ ಪ್ರಾಣಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತದೆ.

ಒಂದು ಪೆಲೆಟ್‌ನಿಂದ ಇನ್ನೊಂದಕ್ಕೆ

ಗಿನಿಪಿಗ್ ಚಿಕ್ಕಂದಿನಲ್ಲಿ ತಿಂದದ್ದನ್ನೇ ಊಟವೆಂದು ಗುರುತಿಸುತ್ತದೆ. ಆಕಾರ ಬದಲಾದರೂ ಸಾಕು, ಮೂಸಿ ಹಿಂದೆ ಸರಿಯುತ್ತದೆ. ಜೊತೆಗೆ ಕರುಳಿನ ಬ್ಯಾಕ್ಟೀರಿಯಾಗಳಿಗೂ ಹೊಸದಕ್ಕೆ ಹೊಂದಿಕೊಳ್ಳಲು ಹೊತ್ತು ಬೇಕು. ಮೊದಲ ನಾಲ್ಕು ದಿನ 15 ಗ್ರಾಂ ಹಳೆಯದು, 5 ಹೊಸದು. ಮುಂದಿನ ನಾಲ್ಕು ದಿನ ಹತ್ತು ಹತ್ತು. ಆಮೇಲಿನ ನಾಲ್ಕು ದಿನ 5 ಹಳೆಯದು, 15 ಹೊಸದು. ಹದಿಮೂರನೆಯ ದಿನ ಪೂರ್ತಿ ಹೊಸದು. ನಡುವೆ ಹಿಕ್ಕೆ ಮೆತ್ತಗಾದರೆ ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ನಾಲ್ಕು ದಿನ ಅಲ್ಲೇ ನಿಲ್ಲಿ. ಹೊಸದನ್ನು ಹೆಕ್ಕಿ ಬಿಡುತ್ತಿದ್ದರೆ ಹಳೆಯ ಪೆಲೆಟ್ ಪುಡಿ ಮಾಡಿ ಹೊಸದಕ್ಕೆ ಸವರಿ ಕೊಡಿ, ವಾಸನೆ ಪರಿಚಯವಾಗುತ್ತದೆ.

"ಹಸಿವಾದರೆ ತಾನೇ ತಿಂತದ" ಎಂದು ಕೈಕಟ್ಟಿ ಕೂರುವುದು ನಾಯಿಯ ಮಟ್ಟಿಗೆ ನಡೆದೀತು, ಗಿನಿಪಿಗ್‌ಗೆ ನಡೆಯುವುದಿಲ್ಲ. ಹುಲ್ಲೂ ಮುಟ್ಟದೆ ಅರ್ಧ ದಿನ ಕಳೆದರೆ ಕರುಳಿನ ಚಲನೆಯೇ ನಿಲ್ಲತೊಡಗುತ್ತದೆ.

ಈ ಹನ್ನೆರಡು ದಿನಕ್ಕೆ ಹಳೆಯ ಪೆಲೆಟ್ 120 ಗ್ರಾಂ ಕೈಯಲ್ಲಿರಬೇಕು. ಆದ್ದರಿಂದ ಚೀಲ ಪೂರ್ತಿ ತೀರಿದ ಮೇಲೆ ಹೊಸ ಬ್ರಾಂಡ್ ಹುಡುಕಲು ಹೊರಡಬೇಡಿ.

ಜೂನ್ ಬಂದ ಮೇಲೆ

ಎಷ್ಟು ಕೊಳ್ಳಬೇಕು ಎಂಬ ಲೆಕ್ಕ ಸುಲಭ. ಒಂದು ಗಿನಿಪಿಗ್‌ಗೆ ಒಂದು ಕಿಲೋ 50 ದಿನ ಬರುತ್ತದೆ. ಅಗ್ಗವೆಂದು 5 ಕಿಲೋ ಚೀಲ ತಂದರೆ 250 ದಿನ. ಕೊನೆಯ ಮೂರು ಕಿಲೋ ಬರೀ ಹೊಟ್ಟು ತಿನ್ನಿಸಿದಂತೆ. ಒಂದೆರಡು ಪ್ರಾಣಿ ಇರುವ ಮನೆಗೆ ಒಂದು ಕಿಲೋ ಚೀಲವೇ ಸರಿ. ನಾಲ್ಕೈದು ಮನೆಯವರು ಕೂಡಿ ದೊಡ್ಡ ಚೀಲ ತರಿಸಿ ಅಂದೇ ಹಂಚಿಕೊಂಡರೆ ಅದೂ ಸರಿ, ದಿನಾಂಕದ ಫೋಟೋ ಎಲ್ಲರ ಬಳಿಯೂ ಇರಲಿ.

ಗದಗ, ನವಲಗುಂದದ ಒಣಹವೆಯಲ್ಲಿ ಪೆಲೆಟ್‌ಗೆ ಬೇಸಿಗೆಯ ಬಿಸಿ ವೈರಿ. ಧಾರವಾಡ, ಕಲಘಟಗಿ, ಅಳ್ನಾವರ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಿಟಿಜಿಟಿ. ಚೀಲ ಒಡೆದ ದಿನವೇ ನಾಲ್ಕು ಪಾಲು ಮಾಡಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗಳಿಗೆ ತುಂಬಿ. ದಿನಾಂಕವಿರುವ ಚೀಲದ ತುಂಡನ್ನು ಕತ್ತರಿಸಿ ಡಬ್ಬಿಗೆ ಅಂಟಿಸಿ. ನಿತ್ಯ ತೆರೆಯುವುದು ಒಂದೇ ಡಬ್ಬಿ. ಫ್ರಿಜ್ಜಿನ ನೆತ್ತಿಯ ಮೇಲೆ ಇಡಬೇಡಿ, ಅಲ್ಲಿ ಬೆಚ್ಚಗಿರುತ್ತದೆ. ಗ್ಯಾಸ್ ಒಲೆಯ ಪಕ್ಕ, ಕಿಟಕಿಯ ಕಟ್ಟೆ ಕೂಡ ಬೇಡ. ಉಳಿದ ಮೂರು ಡಬ್ಬಿ ಫ್ರಿಜ್ಜಿನ ಒಳಗಿರಬಹುದು. ಹೊರತೆಗೆದ ಕೂಡಲೇ ಮುಚ್ಚಳ ತೆಗೆಯದೆ ಒಂದು ತಾಸು ಹಾಗೇ ಬಿಡಿ. ತಣ್ಣಗಿರುವಾಗಲೇ ತೆರೆದರೆ ಮಳೆಗಾಲದ ಗಾಳಿಯ ತೇವವೆಲ್ಲ ಪೆಲೆಟ್ ಮೇಲೆ ಹನಿಗಟ್ಟುತ್ತದೆ.

ಇಲ್ಲಿ ಬಹಳ ಮನೆಗಳಲ್ಲಿ ಆಗುವ ಒಂದು ತಪ್ಪಿದೆ. ಕಾಳುಕಡಿಗೆ ಮಾಡುವ ಹಾಗೆ, ತೇವ ಹಿಡಿಯಿತೆಂದು ಪೆಲೆಟ್ ಅನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರಡುತ್ತಾರೆ. ಜೋಳಕ್ಕೆ ಅದು ಒಳ್ಳೆಯ ಉಪಾಯ. ಪೆಲೆಟ್‌ಗೆ ಬೆಳಕು, ಬಿಸಿ, ಗಾಳಿ ಮೂರೂ ಒಟ್ಟಿಗೆ ಬಡಿದು ಸಿ ಜೀವಸತ್ವ ಹಾಳಾಗುತ್ತದೆ, ಒಳಗೆ ಹುಟ್ಟಿದ ಬೂಷ್ಟಿನ ವಿಷ ಮಾತ್ರ ಹಾಗೇ ಉಳಿಯುತ್ತದೆ. ಕಾಳಿನ ಡಬ್ಬಿಗೆ ಹಾಕುವ ಔಷಧದ ಗುಳಿಗೆ, ಡಾಂಬರ್ ಗುಳಿಗೆ ಕೂಡ ಪೆಲೆಟ್ ಹತ್ತಿರ ಸುಳಿಯಬಾರದು.

ಪರೀಕ್ಷೆ ಕೈಯಲ್ಲೇ ಇದೆ. ಒಂದು ಪೆಲೆಟ್ ಅನ್ನು ಎರಡು ಬೆರಳಲ್ಲಿ ಹಿಡಿದು ಮುರಿಯಿರಿ. ಒಣಗಿದ್ದು ಪಟಕ್ಕನೆ ಮುರಿಯುತ್ತದೆ, ತೇವ ಹಿಡಿದದ್ದು ಮೆತ್ತಗೆ ಜಜ್ಜಿಹೋಗುತ್ತದೆ. ಮೂಸಿ ನೋಡಿ: ಒಣಹುಲ್ಲಿನ ಪರಿಮಳವಿದ್ದರೆ ಸರಿ, ಮುಗ್ಗಲು ವಾಸನೆಯೋ ಹಳೆಯ ಎಣ್ಣೆಯ ಕಮಟೋ ಬಂದರೆ ಇಡೀ ಡಬ್ಬಿ ಕಸಕ್ಕೆ. ಕೆಟ್ಟ ಕಾಳು ಆರಿಸಿ ಒಳ್ಳೆಯದನ್ನು ಉಳಿಸುವ ಲೆಕ್ಕ ಇಲ್ಲಿ ಬೇಡ, ಆಕಳಿಗೂ ಕೋಳಿಗೂ ಹಾಕಬೇಡಿ. ನುಸಿ ಹತ್ತಿದ್ದಕ್ಕೂ ಇದೇ ನ್ಯಾಯ. ಬರೀ ಪುಡಿ ಹೆಚ್ಚಿದ್ದರೆ ಮಾತ್ರ ಸಾಣಿಗೆಯಲ್ಲಿ ಜರಡಿ ಹಿಡಿದು ಕೊಡಿ; ಪುಡಿ ಮೂಗಿಗೆ ಹೋದರೆ ಸೀನು ಶುರುವಾಗುತ್ತದೆ.

ಪಂಜರ ಹೇಳುವುದು

ವಾರಕ್ಕೊಮ್ಮೆ, ಅದೇ ದಿನ ಅದೇ ಹೊತ್ತಿಗೆ, ಬುಟ್ಟಿಯಲ್ಲಿ ಕೂರಿಸಿ ತೂಗಿ ಬರೆದಿಡಿ. ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1,200 ಗ್ರಾಂ. 50 ಗ್ರಾಂ ಇಳಿದರೆ ನಿತ್ಯ ತೂಗಲು ಶುರುಮಾಡಿ, 100 ಇಳಿದರೆ ವೈದ್ಯರಲ್ಲಿಗೆ. ತಿಂಗಳಿಂದ ತಿಂಗಳಿಗೆ ಏರುತ್ತಲೇ ಹೋದರೆ ಪೆಲೆಟ್ ಅನ್ನು 15ಕ್ಕೆ ಇಳಿಸಿ, ಹುಲ್ಲಿಗೆ ಕೈ ಹಾಕಬೇಡಿ.

ಒಳ್ಳೆಯ ಹಿಕ್ಕೆ ಉದ್ದುದ್ದ, ಕಂದು, ಎಲ್ಲ ಒಂದೇ ಗಾತ್ರ. ಚಿಕ್ಕದಾಗಿ ಒಣಗಿದ್ದರೆ ಹುಲ್ಲೋ ನೀರೋ ಸಾಲುತ್ತಿಲ್ಲ. ಮೂತ್ರ ಆರಿದ ಜಾಗದಲ್ಲಿ ತೆಳು ಬಿಳಿ ಪುಡಿ ಕಂಡರೆ ಚಿಂತೆಯಿಲ್ಲ, ಬೆರಳಿಗೆ ಮರಳಿನಂತೆ ತಾಗಿದರೆ ಪೆಲೆಟ್‌ನ ಕ್ಯಾಲ್ಸಿಯಂ ಮತ್ತೆ ಓದಿ. ಕುಡಿಯಲು ಬೋರ್ ನೀರು ಇಡುತ್ತಿದ್ದರೆ ನಳದ ನೀರಿಗೆ ಬದಲಿಸಿ. ಮೂತ್ರ ಮಾಡುವಾಗ ಕೀಚಲು ದನಿ, ರಕ್ತ ಕಂಡರೆ ಅಂದೇ ವೈದ್ಯರು. ಕುಂಟುವುದು, ಕೀಲು ಊದುವುದು, ಎತ್ತಿದರೆ ಕಿರುಚುವುದು, ಕೂದಲು ಒರಟಾಗುವುದು ಸಿ ಜೀವಸತ್ವದ ಕೊರತೆಯ ಗುರುತು. ಕೊರತೆ ಶುರುವಾಗಿ ಎರಡು ವಾರದೊಳಗೇ ಕಾಣಿಸಿಕೊಳ್ಳಬಹುದು.

ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಉಳಿದ ಊರುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ, ಖಾಸಗಿ ಕ್ಲಿನಿಕ್. ಎಲ್ಲರಿಗೂ ಗಿನಿಪಿಗ್ ರೂಢಿಯಿರುವುದಿಲ್ಲ, ಹಾಗಾಗಿ ಫೋನಿನಲ್ಲೇ ಕೇಳಿಕೊಂಡು ಹೊರಡಿ. ಅಮಾಕ್ಸಿಸಿಲಿನ್, ಪೆನಿಸಿಲಿನ್, ಲಿಂಕೊಮೈಸಿನ್‌ನಂಥ ಔಷಧಗಳನ್ನು ಬಾಯಿಗೆ ಹಾಕಿದರೆ ಗಿನಿಪಿಗ್ ಉಳಿಯುವುದು ಕಷ್ಟ ಎಂಬುದನ್ನು ಚೀಟಿ ಬರೆಯುವ ಮೊದಲೇ ನೆನಪಿಸಿ. ಹೋಗುವಾಗ ಪೆಲೆಟ್ ಚೀಲದ ಹಿಂಭಾಗದ ಫೋಟೋ, ತೂಕ ಬರೆದಿಟ್ಟ ಹಾಳೆ, ಅಂದಿನ ನಾಲ್ಕು ಹಿಕ್ಕೆ ಒಂದು ಕಾಗದದಲ್ಲಿ ಸುತ್ತಿ ಒಯ್ಯಿರಿ. ದಾರಿಗೆ ಬುಟ್ಟಿಯಲ್ಲಿ ಒಂದು ಹಿಡಿ ಒಣಹುಲ್ಲು ಇರಲಿ.